ಹೆಜ್ಜೆಯ ಅಳತೆ

"ನಿಧಾನ, ನಿಧಾನ! ಎಡಗಡೆಯವ್ರು ಸ್ವಲ್ಪ ಮೇಲೆತ್ತಿ!"

ದರ್ಜಿಯ ಹೆಣ ಹೊತ್ತ ನಾಲ್ವರೂ ಮೆಟ್ಟಿಲಿಳಿದು ಕೈತೋಟದ ಕಲ್ಲುಹಾದಿಗೆ ಕಾಲಿಟ್ಟ ಕೂಡಲೇ ಮುಗ್ಗರಿಸಿದರು. ಕಲ್ಲುಗಳು ತೀರಾ ಒತ್ತೊತ್ತಾಗಿದ್ದವು. ಒಂದೊಂದನ್ನೇ ತುಳಿದರೆ ಹೆಜ್ಜೆ ಕಿರಿದಾಗುತ್ತಿತ್ತು, ಒಂದನ್ನು ಬಿಟ್ಟು ತುಳಿಯೋಣವೆಂದರೆ ಹೆಗಲ ಭಾರಕ್ಕೆ ಕಾಲು ಎಟುಕುತ್ತಿರಲಿಲ್ಲ.

"ಊರಿಗೆಲ್ಲ ಅಳತೆ ತೆಗೆದೋನು, ಸ್ವಂತ ಮನೆ ದಾರಿಗೆ ಕೋಳಿ ಹೆಜ್ಜೆ ಅಳತೆ ತೆಗೆದಿದ್ದಾನಲ್ಲಪ್ಪ," ಎಂದ ಪಕ್ಕದಂಗಡಿಯ ಇಸ್ತ್ರಿಯವನು. ಹೇಳಿ ತಾನೇ ಅತ್ತುಬಿಟ್ಟ.

ಬಾಗಿಲು ಹಿಡಿದು ನಿಂತಿದ್ದ ದರ್ಜಿಯ ಹೆಂಡತಿಗೆ ಅದು ಕೇಳಿಸಿತು. ಪಾರ್ಶ್ವವಾಯು ಬಡಿದ ಮೇಲೆ ಅವಳು ಎಡಗಾಲನ್ನು ಎಳೆದುಕೊಂಡೇ ನಡೆಯುವವಳು.

"ಅತ್ತಿಗೆ, ಕುರ್ಚಿ ತರ್ತೀನಿ. ಕೂತ್ಕೊಳಿ, ಎತ್ಕೊಂಡು ಹೋಗ್ತೀವಿ," ಎಂದ ಮೈದುನ.

"ಬೇಡಪ್ಪ. ಗೇಟಿನ ತನಕ ನಾನೇ ನಡೆದು ಕಳಿಸಿಕೊಡ್ತೀನಿ. ಅಷ್ಟೂ ಮಾಡದಿದ್ರೆ ಹೇಗೆ?"

*

ಅವಳು ನಡೆಯಲೆಂದು ಕಲ್ಲುಹಾದಿ ಮಾಡಹೊರಟಾಗ, ಮೊದಲ ಸಲ ದರ್ಜಿ ಸಿಮೆಂಟು ಕಲಸಿ, ಹಳೆಯ ತಟ್ಟೆಗಳಿಗೆ ಸುರಿದು, ಒಗೆದ ಬಟ್ಟೆಯಂತೆ ಬಿಸಿಲಿಗಿಟ್ಟಿದ್ದ. ತುಳಿದರೆ ಎಲ್ಲವೂ ಪುಡಿ. ಆಮೇಲೆ ಬುದ್ಧಿ ಬಂತು. ಒದ್ದೆ ಗೋಣಿ ಹೊದಿಸಿ ವಾರವಿಡೀ ನೀರು ಚಿಮುಕಿಸಿದ.

"ಇದು ಒಣಗೋದಲ್ಲ ಕಣೆ, ನೀರು ಕುಡಿದೇ ಗಟ್ಟಿಯಾಗೋದು. ನಾವು ಹೋದ್ರೂ ಇದು ಇರುತ್ತೆ."

ಟೇಪು ಹಿಡಿದು ಅವಳ ಹೆಜ್ಜೆ ಅಳೆದು, ಬಾಗಿಲಿಂದ ಗೇಟಿನವರೆಗೆ ಕಲ್ಲು ಹೂತ. ಮರುವರ್ಷ ಅವಳ ಹೆಜ್ಜೆ ಕುಗ್ಗಿತು. ಅವನ ಎದೆಯೂ ಸೋತಿತ್ತು, ಹೊಸ ಕಲ್ಲು ಮಾಡುವ ಕಸುವಿರಲಿಲ್ಲ. ಇದ್ದವನ್ನೇ ಅಗೆದು, ಸಡಿಲ ಬಟ್ಟೆ ಬಿಗಿ ಮಾಡುವವನಂತೆ, ಹತ್ತಿರ ಹತ್ತಿರ ಕೂರಿಸಿದ. ಅದರ ಮರುವರ್ಷ ಇನ್ನೂ ಹತ್ತಿರ. ಹಾಗೆ ಮಾಡಿದಾಗಲೆಲ್ಲ ದಾರಿಯ ತುದಿ ಗೇಟಿನಿಂದ ಹಿಂದೆ ಸರಿಯಿತು.

ಮೊನ್ನೆ ಹಟ ಹಿಡಿದು ಹೊಸದೊಂದನ್ನು ಎರಕ ಹೊಯ್ದ. ನಿನ್ನೆ ಗೋಣಿಗೆ ನೀರು ಚಿಮುಕಿಸುತ್ತಲೇ ಕುಸಿದ.

*

ಅವಳು ಒಂದೊಂದೇ ಕಲ್ಲು ದಾಟಿ ಕೊನೆಯದಕ್ಕೆ ಬಂದು ನಿಂತಳು. ಮುಂದೆ, ಬಂದವರ ಕಾಲ್ತುಳಿತಕ್ಕೆ ಕೆಸರೆದ್ದ ನೆಲ. ಆಚೆ ರಸ್ತೆಯಲ್ಲಿ ಹೆಣವನ್ನು ವಾಹನಕ್ಕೆ ಏರಿಸಿಯಾಗಿತ್ತು. ಇನ್ನು ತನ್ನ ಹೆಜ್ಜೆ ಅಳೆಯುವವರು ಯಾರೂ ಇಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಒಂದು ನಿಮಿಷ ಅತ್ತಿಗೆ," ಎಂದು ಮೈದುನ ಓಡಿದ. ಗೋಣಿ ಎಳೆದು, ತಟ್ಟೆ ಬೋರಲು ಹಾಕಿ, ಹೊಸ ಕಲ್ಲನ್ನು ತಂದು ಕೆಸರಿನ ಮೇಲಿಟ್ಟ. "ಇದನ್ನ ತುಳಿದ್ರೆ ಗೇಟಿನ ಕಂಬ ಕೈಗೆ ಸಿಗುತ್ತೆ."

"ಅದು ಇನ್ನೂ ಹಸಿ ಕಣಪ್ಪ."

"ಇಲ್ಲ, ನೋಡಿ, ಗಟ್ಟಿಯಾಗಿದೆ!" ಅವನು ಬೆರಳಿನಿಂದ ಕುಟ್ಟಿ ತೋರಿಸಿದ.

ವಾಹನದ ಬಾಗಿಲು ಮುಚ್ಚಿತು. ಅವಳು ಕಾಲಿಟ್ಟಳು.

ಕಲ್ಲು ನಡುವೆಯೇ ಸೀಳಿತು. ಕಾಲು ಕೆಸರಿಗಿಳಿಯಿತು, ಮೈದುನ ತೋಳು ಹಿಡಿದುಕೊಂಡ. ಗಟ್ಟಿ ಇರಲೆಂದು ದರ್ಜಿ ಕಲ್ಲಿನೊಳಗೆ ಹುದುಗಿಸಿದ್ದ ತಂತಿಬಲೆ ಹೊರಚಾಚಿ ಅವಳ ಬಟ್ಟೆಯ ಅಂಚನ್ನು ಕಚ್ಚಿ ಹಿಡಿದಿತ್ತು. ಅವಳು ಬಾಗಿ, ಒಂದೇ ಕೈಯಲ್ಲಿ, ಒಂದೊಂದೇ ಎಳೆ ಬಿಡಿಸತೊಡಗಿದಳು. ತಲೆಯೆತ್ತಿದಾಗ ರಸ್ತೆ ಖಾಲಿಯಾಗಿತ್ತು.