ಗಂಡಿ ಮುಚ್ಚಿದ ಮೂರು ದಿನ

ಕೊಂಡ್ಲಹಳ್ಳಿ ಕಡೆಯ ಸಣ್ಣದೊಂದು ಕೆರೆಯ ಕೆಳಗೆ ನಿಂಗಕ್ಕ ಕಲ್ಲೇಶಪ್ಪನವರ ಗದ್ದೆಯನ್ನು ಪಾಲಿಗೆ ಮಾಡುತ್ತಿದ್ದಳು. ತೊಂಬತ್ತೆಂಟನೆಯ ಇಸವಿಯಲ್ಲಿ ಕೆರೆ ತುಂಬಿ ಕೋಡಿ ಬಿದ್ದು ನೀರಿಗೆ ಕೊರತೆಯಿರಲಿಲ್ಲ. ಆದರೂ ನಾಟಿಯಾಗಿ ತಿಂಗಳು ಕಳೆದ ಪೈರು ಅರಿಸಿನ ಬಳಿದುಕೊಂಡ ಹಾಗೆ ನಿಂತಿತ್ತು. ಹೋದ ವರ್ಷವೂ ಹೀಗೇ. "ಈ ಸಲವೂ ಜೊಳ್ಳಾದ್ರೆ ಬೇರೆಯವರಿಗೆ ಕೊಡ್ತೀನಿ ಕಣವ್ವ" ಎಂದು ಕಲ್ಲೇಶಪ್ಪ ಹೇಳಿಹೋಗಿದ್ದರು.

ಕೆಳಗಿನ ಗದ್ದೆ ಸೂರಪ್ಪನದು. ಅವನು ಯೂರಿಯಾ ಹಾಕಿದ್ದೂ ಇವಳು ಹಾಕಿದಷ್ಟೇ. ಪೈರು ಮಾತ್ರ ಗಿಣಿರೆಕ್ಕೆಯ ಹಸಿರು.

"ಏನಕ್ಕಾ, ಗಂಗಮ್ಮನಿಗೆ ನಿನ್ನ ಮ್ಯಾಲೆ ಸಿಟ್ಟಾ?" ಎಂದು ಅವನು ನಗುತ್ತಿದ್ದ.

ನಿಂಗಕ್ಕನಿಗೆ ಅದು ನಗೆಮಾತಾಗಿರಲಿಲ್ಲ. ದಿನವೂ ತೂಬಿನ ಕಲ್ಲಿಗೆ ಹೂವಿಟ್ಟು ತಪ್ಪಾಯಿತೆಂದು ಕೈಮುಗಿಯುತ್ತಿದ್ದಳು. ಯಾವ ತಪ್ಪೆಂದು ಮಾತ್ರ ತಿಳಿಯದು.

ಒಂದು ಬೆಳಿಗ್ಗೆ, ಗದ್ದೆಗಳಿಗೆ ಕೆರೆಯ ನೀರು ಬಿಡುವ ನೀರುಗಂಟಿ ದೊಡ್ಡಪಾಲಯ್ಯ ಸನಿಕೆ ಊರಿಕೊಂಡು ಎರಡು ಗದ್ದೆಗಳ ನಡುವಿನ ಬದುವಿನ ಮೇಲೆ ನಿಂತ. ಬದುವಿನ ಗಂಡಿಯಿಂದ ನೀರು ಕೆಳಗಿಳಿಯುತ್ತಿತ್ತು.

"ಯೂರಿಯಾ ಚೆಲ್ಲಿದ ದಿನ ಈ ಗಂಡಿ ಮುಚ್ಚಿದ್ದೇನವ್ವ?"

"ಮುಚ್ಚೋದಾ? ಶಿವಶಿವಾ! ಕೆಳಗಿನವರ ನೀರು ತಡೆದ್ರೆ ಗಂಗಮ್ಮ ಮುನೀತಾಳೆ ಅಂತ ನಮ್ಮತ್ತೆ ಹೇಳಿದ್ರು. ಒಂದಿನಾನೂ ಮುಚ್ಚಿಲ್ಲ."

"ನಿಮ್ಮತ್ತೆ ಕೊಟ್ಟಿಗೆ ಗೊಬ್ಬರಾನ ಕೆಸರಿಗೆ ತುಳೀತಿದ್ರು, ಅದು ಅಲ್ಲೇ ಇರ್ತಿತ್ತು. ಇದು ಸಕ್ಕರೆ ಇದ್ದಂಗೆ, ಕರಗಿ ನೀರಿನ ಹಿಂದೇನೇ ಹೋಗ್ತೈತೆ. ಎರಡು ವರ್ಷದಿಂದ ನಿನ್ನ ಯೂರಿಯಾನ ಸೂರಪ್ಪನ ಗದ್ದೆ ಉಣ್ತಾ ಐತೆ. ನೀರು ಬಸಿದು ಕೆಸರಿಗೆ ಚೆಲ್ಲಿ, ಮೂರು ದಿನ ಗಂಡಿ ಕಟ್ಟಿಬಿಡು."

ಕೆಳಗಿನ ಗದ್ದೆಯಿಂದ ಕೇಳಿಸಿಕೊಳ್ಳುತ್ತಿದ್ದ ಸೂರಪ್ಪನ ನಗು ನಿಂತಿತು. "ಅದ್ಕೇನಾ ಪಾಲಯ್ಯಣ್ಣ, ಹೋದ ವರ್ಷ ನನ್ನ ಪೈರು ಕೊಬ್ಬಿ ನೆಲಕ್ಕೆ ಮಲಗಿದ್ದು? ಕಟ್ಟಕ್ಕಾ, ನೀನು ಗಂಡಿ ಕಟ್ಟು!"

ಮಾರನೆಯ ದಿನ ನಿಂಗಕ್ಕ ನೀರು ಬಸಿದು, ಬರಿಯ ಕೆಸರಿನ ಮೇಲೆ ಉಳಿದ ಯೂರಿಯಾದಲ್ಲಿ ಅರ್ಧ ಚೆಲ್ಲಿದಳು. ಹುಲ್ಲು ಸಮೇತ ಕಿತ್ತ ಮಣ್ಣಿನ ಹೆಂಟೆಯಿಂದ ಗಂಡಿ ಮುಚ್ಚಿದಳು. ಹೆಂಟೆಗೆ ಕುಂಕುಮವಿಟ್ಟಳು. "ಮೂರೇ ದಿನ ತಾಯಿ, ತಾಳಿಕೋ."

ನಾಲ್ಕನೆಯ ದಿನ ಹೆಂಟೆ ತೆಗೆದಾಗ ನೀರು ಹಳೆಯ ಸದ್ದಿನಲ್ಲೇ ಕೆಳಗಿಳಿಯಿತು. ವಾರದೊಳಗೆ ಪೈರಿಗೆ ಹಸಿರೇರಿತು. ಮಿಕ್ಕ ಅರ್ಧವನ್ನು ತೆನೆ ಕಟ್ಟುವ ಹೊತ್ತಿಗೆ ಹಾಗೆಯೇ ಹಾಕಿದಳು.

ಕೊಯ್ಲಿಗೆ ಹದಿನೈದು ದಿನವಿರುವಾಗ ಕಲ್ಲೇಶಪ್ಪ ಬಂದರು. ಬಾಗಿದ ತೆನೆಯೊಂದನ್ನು ಕಿತ್ತು, ಒಂದು ಕಾಳು ಕಚ್ಚಿ, ಇನ್ನೊಂದು ಕಚ್ಚಿ ನೋಡಿದರು.

"ಮುಂದಿನ ನಾಟಿಗೆ ಸಸಿ ಯಾವಾಗ ಬಿಡ್ತೀಯವ್ವ?"

ನಿಂಗಕ್ಕ ಬದುವಿನ ಮೇಲೆಯೇ ಕುಳಿತಳು. ಕೊಯ್ಲಿಗೆಂದು ಬಸಿಯುತ್ತಿದ್ದ ಕೊನೆಯ ನೀರು ಗಂಡಿಯಲ್ಲಿ ಅವಳ ಪಾದ ತೊಳೆದು ಹೋಗುತ್ತಿತ್ತು.

ಕೆಳಗಿನಿಂದ ಸೂರಪ್ಪ ಕೂಗಿದ. "ಅಕ್ಕಾ, ಈ ನೀರಾಗೆ ಏನಾರ ಕಳಿಸ್ತಾ ಇದೀಯೇನು?"

"ಬರೀ ನೀರು ಕಣೋ!" ಎಂದು ನಿಂಗಕ್ಕ ನಕ್ಕಳು.