ಬೇರೆಯವರ ಬಾಟಲಿಯಲ್ಲಿ

ನಾನೊಂದು ಮುಖಕ್ಕೆ ಬಳಿಯುವ ಫೌಂಡೇಶನ್ ಟ್ಯೂಬು, ಅಗ್ಗದ್ದು. ಊರಾಚೆಯ ತಗಡಿನ ಶೆಡ್ಡಿನಲ್ಲಿ ಹುಟ್ಟಿ, ಹುಬ್ಬಳ್ಳಿಯ ಒಂದು ಔಷಧಿ ಅಂಗಡಿಗೆ ಬಂದು, ಕೆಮ್ಮಿನ ಸಿರಪ್ಪಿನ ಪಕ್ಕದಲ್ಲಿ ನಿಂತೆ. ನನ್ನದು ಒಂದು ಗಳಿಗೆಯೂ ನೆಮ್ಮದಿಯಿಲ್ಲದ ಜೀವ. ಬಿಸಿಲು ಬಿದ್ದರೆ ಒಳಗೆ ಎಣ್ಣೆ ಬೇರೆ, ಬಣ್ಣ ಬೇರೆ ಆದೀತೆಂಬ ದಿಗಿಲು; ಯಾರೂ ಕೊಳ್ಳದೆ ತಾರೀಖು ಮುಗಿದೀತೆಂಬ ದಿಗಿಲು.

ಕಡೆಗೆ ಪ್ರಭಾವತಿ ಕೊಂಡಳು. ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ಇಟ್ಟವಳು. ಮೊದಲ ಬಾರಿಗೆ ಮದುಮಗಳನ್ನು ಸಿಂಗರಿಸುವ ಕೆಲಸ ಸಿಕ್ಕಿತ್ತು; ಅದು ಕೆಟ್ಟರೆ ಮತ್ತೆ ಯಾರೂ ಕರೆಯುವಂತಿರಲಿಲ್ಲ. ಮದುಮಗಳ ತಾಯಿ ಶಾಂತವ್ವ ದುಬಾರಿ ಕಂಪನಿಯದ್ದೇ ಬೇಕೆಂದು ಗಾಜಿನ ಬಾಟಲಿ ತರಿಸಿದ್ದರು, ಅದೂ ಮಗಳು ಬೆಳ್ಳಗೆ ಕಾಣಲೆಂದು ಹಟ ಹಿಡಿದು ತಿಳಿಬಣ್ಣದ್ದು. ಅಗ್ಗದ್ದು ಎಷ್ಟು ತಾಳುತ್ತದೋ ನೋಡೋಣವೆಂದು ಪ್ರಭಾವತಿ ಅರ್ಧ ಮುಖಕ್ಕೆ ಅದನ್ನು, ಇನ್ನರ್ಧಕ್ಕೆ ನನ್ನನ್ನು ಹಚ್ಚಿಕೊಂಡು, ಒಲೆಯ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿದಳು. ಬೆವರಿಗೆ ನಾನು ಕದಲಲಿಲ್ಲ. ಆದರೂ ಯಾರಾದರೂ ಕಂಡಾರೆಂದು ನನ್ನನ್ನು ಚೀಲದ ತಳಕ್ಕೆ ತುರುಕಿದಳು. ನನಗೆ ಸಿಟ್ಟು ಬಂತು.

ಮದುವೆಯ ದಿನ ಮದುಮಗಳು ಸುಗಂಧಾಳ ಮುಖ ಎರಡು ದಿನದ ಅರಿಸಿನಕ್ಕೆ ಹಳದಿಯಾಗಿತ್ತು. ಅದರ ಮೇಲೆ ತಿಳಿಬಣ್ಣ ಕೂತದ್ದೇ ತಡ, ಮುಖ ಬೂದಿ ಬಳಿದಂತಾಯಿತು. ಅರಿಸಿನಕ್ಕೆ ಮೊದಲು ಅವಳಿಗೆ ಹಚ್ಚಿ ನೋಡಿದಾಗ ಮುಖ ಕೊಂಚ ಬಿಳಿಚಿಕೊಂಡಿತ್ತಷ್ಟೇ. ಅರಿಸಿನದ ಮೇಲೆ ಇಷ್ಟು ಕೆಟ್ಟೀತೆಂದು ಪ್ರಭಾವತಿಗೆ ಹೊಳೆದೇ ಇರಲಿಲ್ಲ. ಹೊರಗೆ ಮುಹೂರ್ತಕ್ಕೆ ಅವಸರ ಮಾಡುತ್ತಿದ್ದರು. ಪ್ರಭಾವತಿ ಹೂ ತರಲು ಶಾಂತವ್ವನನ್ನು ಕಳಿಸಿ, ಸುಗಂಧಾಳಿಗೆ ಕಣ್ಣು ಮುಚ್ಚಲು ಹೇಳಿ, ಎಲ್ಲ ಒರೆಸಿ ನನ್ನನ್ನು ಹಚ್ಚಿದಳು. ಹುಡುಗಿಯ ಮುಖಕ್ಕೆ ಜೀವ ಬಂತು.

ಶಾಂತವ್ವ ಬಂದು ನೋಡಿ ಗಾಜಿನ ಬಾಟಲಿಯನ್ನು ಸವರಿದರು. “ಏನಂದ್ರೂ ಕಂಪನಿ ಮಾಲು ಕಂಪನಿ ಮಾಲನ ನೋಡ್ರಿ” ಎಂದರು. ಪ್ರಭಾವತಿ ಹೌದೆಂದು ತಲೆಯಾಡಿಸಿದಳು. ಅಷ್ಟೇ ಅಲ್ಲ, ಅಂಥದೇ ಒಂದು ಖಾಲಿ ಬಾಟಲಿ ಹುಡುಕಿ, ನನ್ನನ್ನು ಅದರೊಳಗೆ ಹಿಂಡಿ, ನನ್ನ ಟ್ಯೂಬನ್ನು ಕಸಕ್ಕೆಸೆದಳು. ಗಿರಾಕಿಗಳು ಹೆಚ್ಚಿದರು. ಬೇರೆಯವರ ಹೆಸರು ಹೊತ್ತ ನಾನು, ಮುಚ್ಚಳ ತೆರೆದಾಗಲೆಲ್ಲ ಇವತ್ತು ಸಿಕ್ಕಿಬಿದ್ದೆವೆಂದು ಒದ್ದಾಡಿದೆ. ಅವಳೂ ಒದ್ದಾಡಿದಳು.

ಎರಡು ತಿಂಗಳಿಗೆ ಸುಗಂಧಾ ಬಂದಳು. ತಾಯಿ ಕೊಡಿಸಿದ ಆ ಗಾಜಿನ ಬಾಟಲಿ ಕೈಯಲ್ಲಿತ್ತು. ದಿನಾ ಅದನ್ನೇ ಹಚ್ಚುತ್ತಾಳಂತೆ, ಮದುವೆಯ ದಿನದ ಮುಖ ಬರುವುದಿಲ್ಲವಂತೆ. ಜ್ವರ ಬಂದಿದೆಯೇ ಎಂದು ಅತ್ತೆ ಕೇಳುತ್ತಾರಂತೆ.

“ಅಕ್ಕಾರ, ನನ್ನ ಮಾರಿನ ಕೆಟ್ಟೈತೇನ್ರಿ?” ಎಂದು ಕೇಳುವಾಗ ಅವಳ ಕಣ್ಣು ತುಂಬಿತ್ತು.

ಪ್ರಭಾವತಿ ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ಅವಳು ನನ್ನನ್ನು ಮೇಜಿನ ಮೇಲಿಟ್ಟಳು.

“ನಿನ್ನ ಮಾರಿ ಕೆಟ್ಟಿಲ್ಲವ್ವಾ, ಸುಳ್ಳು ಹೇಳಿದಾಕಿ ನಾನು. ಅವತ್ತು ಹಚ್ಚಿದ್ದು ಔಷಧಿ ಅಂಗಡ್ಯಾಂದು.”

ಸುಗಂಧಾ ಸಿಡುಕಲಿಲ್ಲ. ಮುಖ ತೊಳೆದು ಬಂದು ಕೂತು, “ಹಚ್ರಿ” ಎಂದಳು. ಬಾಟಲಿಯ ತಳದಲ್ಲಿ ಉಳಿದಿದ್ದ ನಾನು ಅಷ್ಟಿಷ್ಟೇ ಬಂದೆ. ಅವಳು ಕನ್ನಡಿಯನ್ನು ಬಹಳ ಹೊತ್ತು ನೋಡಿದಳು.

“ಇದು ನನ್ನ ಬಣ್ಣನ ಅಲ್ರಿ, ಅಕ್ಕಾರ?”

ಈಗ ನಾನು ಕಿಟಕಿಯ ಮೂಲೆಯಲ್ಲಿಟ್ಟ ಆ ಬಾಟಲಿಯ ತಳದಲ್ಲಿ ಒಣಗಿದ ಕಲೆ ಮಾತ್ರ. ಸುದ್ದಿ ಹಬ್ಬಿ ಶಾಂತವ್ವನ ಕಡೆಯವರು ಪಾರ್ಲರಿಗೆ ಬರುವುದನ್ನು ಬಿಟ್ಟಿದ್ದಾರೆ. ಬಂದವರ ಮುಂದೆ ಪ್ರಭಾವತಿ ನನ್ನಂಥದೇ ಟ್ಯೂಬನ್ನು ಇಟ್ಟು, ಅವರು ಮುಖ ಕಿವುಚುತ್ತಾರೋ ಏನೋ ಎಂದು ಕಾಯುತ್ತಾಳೆ. ಕೆಲವರು ಎದ್ದು ಹೋಗುತ್ತಾರೆ. ಸುಗಂಧಾ ಮಾತ್ರ ತಿಂಗಳಿಗೊಮ್ಮೆ ಅತ್ತೆಯನ್ನೂ ಕರೆದುಕೊಂಡು ಬರುತ್ತಾಳೆ.