ನೆನೆಯದ ಜಾಗ

ಸಾರಕ್ಕಿಯ ಕಾರ್ಖಾನೆಯೊಂದರಲ್ಲಿ ಬೆಂಕಿ ಆರಿಸುವ ನೀರಿನ ಉಸ್ತುವಾರಿ ಸಂಗಮೇಶನದು. ದೊಡ್ಡ ಟ್ರಾನ್ಸ್‌ಫಾರ್ಮರಿನ ಸುತ್ತ ಪೈಪು, ಪೈಪಿನ ತುಂಬ ನೀರು ಚಿಮ್ಮುವ ನಾಝಲ್ಲು. ಶಾಖ ಏರಿತೋ, ನಾಲ್ಕೂ ಕಡೆಯಿಂದ ತುಂತುರು ತಾನಾಗಿಯೇ ಅಪ್ಪಳಿಸಬೇಕು. ಹೋದ ವರ್ಷ ಅಪ್ಪಳಿಸಲಿಲ್ಲ. ಹತ್ತಿರ ಕೆಲಸ ಮಾಡುತ್ತಿದ್ದ ಕರೆಪ್ಪ ಸುಟ್ಟುಹೋದ.

ಯಾಕೆ ಅಂತೀರಾ? ಆಯುಧಪೂಜೆ. ಕರ್ಪೂರದ ಶಾಖಕ್ಕೆ ನೀರು ಚಿಮ್ಮಿ ಬಾಳೆಕಂದು, ಹೂವು, ಪ್ರಸಾದ ಎಲ್ಲ ತೊಯ್ದೀತೆಂದು ಸಂಗಮೇಶ ವಾಲ್ವ್ ಮುಚ್ಚಿದ್ದ. ಮಹಾ ಬುದ್ಧಿವಂತ! ಕಡಲೆಪುರಿ ಹಂಚುವ ಗಡಿಬಿಡಿಯಲ್ಲಿ ತೆರೆಯುವುದನ್ನೇ ಮರೆತ. ಮೂರನೆಯ ದಿನ ಬೆಂಕಿ ಬಿತ್ತು. ವಿಚಾರಣೆಯಲ್ಲಿ "ಕರೆಪ್ಪನೇ ಮುಚ್ಚಿದ್ದ" ಎಂದುಬಿಟ್ಟ. ಸತ್ತವನು ಎದ್ದು ಬಂದು ಅಲ್ಲವೆನ್ನುತ್ತಾನೆಯೇ? ಕರೆಪ್ಪನ ಹೆಂಡತಿ ರೇಣವ್ವ ಈಗ ಅದೇ ಅಂಗಳ ಗುಡಿಸುತ್ತಾಳೆ. ಗಂಡ ತನ್ನ ಸಾವನ್ನು ತಾನೇ ತಂದುಕೊಂಡ ಎಂಬ ಮಾತು ದಿನವೂ ಅವಳ ಕಿವಿಗೆ ಬೀಳುತ್ತದೆ. ಸಂಗಮೇಶ ಅವಳ ಮುಖ ನೋಡಿ ವರ್ಷವಾಯಿತು.

ಇವತ್ತು ಬೆಳಿಗ್ಗೆ ಹೊಸ ಟ್ರಾನ್ಸ್‌ಫಾರ್ಮರಿಗೆ ನೀರು ಬಿಟ್ಟು ಪರೀಕ್ಷೆ. ಸಂಗಮೇಶ ಒಂದು ನಿಮಿಷ ನೀರು ಹಾಯಿಸಿ ನಿಲ್ಲಿಸಿದ. ಅಂಗಳವೆಲ್ಲ ತೊಯ್ದು ತೊಪ್ಪೆಯಾಗಿತ್ತು. ಒಂದು ಕಡೆ ಮಾತ್ರ ಕಾಂಕ್ರೀಟು ಒಣಗಿ ಬೆಳ್ಳಗಿತ್ತು. ಮನುಷ್ಯ ಮಲಗಿದಂಥ ಆಕಾರ: ತಲೆ, ಭುಜ, ಎರಡು ಕಾಲು.

"ಏನ್ ಗುರು, ನಾಝಲ್ ಬ್ಲಾಕ್ ಆಗಿದ್ಯಾ? ಕ್ಲೀನ್ ಮಾಡಿ ಇನ್ನೊಂದ್ಸಲ ಬಿಡು," ಎಂದ ಮ್ಯಾನೇಜರ್ ಶಿವಕಿರಣ್, ಫೋನಿನಿಂದ ತಲೆ ಎತ್ತದೆ.

ಸಂಗಮೇಶ ಏಣಿ ಹತ್ತಿ ನೋಡಿದ. ಒಂದು ಚೂರು ಕಸವೂ ಇರಲಿಲ್ಲ. ಮತ್ತೆ ನೀರು ಬಿಟ್ಟ. ಮೊದಲಿನ ಜಾಗ ಚೆನ್ನಾಗಿ ನೆನೆದಿತ್ತು. ಒಣ ಆಕಾರ ವಾಲ್ವಿನ ಕಡೆಗೆ ನಾಲ್ಕು ಹೆಜ್ಜೆ ಸರಿದಿತ್ತು! ಮೂರನೆಯ ಸಲ ಅದರ ತಲೆ ವಾಲ್ವಿನ ಬಳಿ ನಿಂತಿದ್ದ ಅವನ ಬೂಟಿಗೇ ತಾಗಿತ್ತು. ಗಾಳಿಗೆ ಹಾರಿದ ತುಂತುರಿನಲ್ಲಿ ಅವನು ಪೂರಾ ತೊಯ್ದಿದ್ದರೂ ವಾಲ್ವ್ ತಿರುಗಿಸಿದ ಬಲಗೈ ಒಣಗಿ ಉರಿಯುತ್ತಿತ್ತು.

ಅಲ್ಲೇ ಪೊರಕೆ ಹಿಡಿದು ನಿಂತಿದ್ದ ರೇಣವ್ವನ ಮುಂದೆ ಕುಸಿದು ಕೂತ. ಪಿಸುದನಿಯಲ್ಲಿ ಹೇಳಿದ.

"ನಾನ ಮುಚ್ಚಿದ್ದೆ ಅಕ್ಕಾ. ಕರೆಪ್ಪಣ್ಣಂದು ಏನೂ ತಪ್ಪಿಲ್ಲ."

ರೇಣವ್ವ ಅಳಲಿಲ್ಲ, ಬೈಯಲೂ ಇಲ್ಲ. ಅವನ ಬೆನ್ನ ಹಿಂದೆ ನೋಡುತ್ತಿದ್ದಳು.

"ನನಗ ಯಾಕ ಹೇಳ್ತಿ? ಹಿಂದ ನಿಂತಾನಲ್ಲ, ಅವಗ ಹೇಳು."

ತಿರುಗಿದರೆ ಯಾರೂ ಇಲ್ಲ, ನೆಲದ ಮೇಲೆ ಆ ಒಣ ಆಕಾರ ಮಾತ್ರ. ನೆಲ ನೋಡಿಕೊಂಡೇ ಮೆಲ್ಲಗೆ ಅದೇ ಮಾತು ಹೇಳಿದ. ಮೇಲಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಆದರೂ ಆ ಒಣ ಆಕಾರ ಕಾಲಿನಿಂದ ಮೇಲಕ್ಕೆ ನೆನೆಯತೊಡಗಿತು. ಕುತ್ತಿಗೆಯವರೆಗೆ ಬಂದು ನಿಂತುಬಿಟ್ಟಿತು.

ರೇಣವ್ವ ಕಿವಿಗೊಟ್ಟು ಏನನ್ನೋ ಕೇಳಿಸಿಕೊಂಡಳು. ಆಮೇಲೆ ಅವನ ಕಡೆ ತಿರುಗಿದಳು.

"ಇನ್ನೂ ಜೋರ ಹೇಳು. ಎಲ್ಲಾರಿಗೂ ಕೇಳಬೇಕಂತ."